ಪಾದಚಾರಿಗಳೂ ಬೈಸಿಕಲ್ ಸವಾರರೂ

ಮೋಟಾರು ಗಾಡಿಗಳ ಗದ್ದಲದಿಂದ ನೊಂದ ನಗರವಾಸಿಗಳು ಎಲ್ಲ ದೇಶಗಳಲ್ಲಿಯೂ ಕಾಣುವ ಕನಸೊಂದುಂಟು. ಊರ ನಡುವಣ ಪೇಟೆಯಲ್ಲಿ ಒಂದು ಮೋಟಾರೂ ಇರಬಾರದು. ಹಾರನ್ನಿನ ಕೂಗು ಕೇಳಬಾರದು. ಹೊಗೆ ಮೂಗಿಗೆ ಸೋಕಬಾರದು. ಮಗು ಕೈಬಿಡಿಸಿಕೊಂಡು ಓಡಿದರೂ ತಾಯಿಯ ಎದೆ ಝಲ್ಲೆನ್ನಬಾರದು. ಈ ಕನಸು ಕೆಲವು ಊರುಗಳಲ್ಲಿ ನನಸೂ ಆಗಿದೆ. ಆದರೆ ಮೋಟಾರು ಹೊರಟುಹೋದ ಆ ಬೀದಿಗಳಲ್ಲಿ ಶಾಂತಿಯು ತಾನೇ ತಾನಾಗಿ ಬಂದು ನೆಲಸಿತೆಂದು ಶ್ರೋತೃಗಳು ಭಾವಿಸಬಾರದು. ಅಲ್ಲಿ ಉಳಿದವರು ಇಬ್ಬರು: ನಡೆಯುವವರು ಒಬ್ಬರು, ಬೈಸಿಕಲ್ ತುಳಿಯುವವರು ಇನ್ನೊಬ್ಬರು. ಮೋಟಾರಿನ ಕಾಲದಲ್ಲಿ ಒಂದೇ ಪಕ್ಷದವರಾಗಿ ಕಷ್ಟಪಟ್ಟ ಈ ಇಬ್ಬರ ನಡುವೆ ಈಗ ಹೊಸದೊಂದು ಮನಸ್ತಾಪ ಹುಟ್ಟಿಕೊಂಡಿದೆ. ಅದರ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಉದ್ದೇಶ.

ಈ ವ್ಯಾಜ್ಯದಲ್ಲಿ ನಾವು ಎರಡು ಕಕ್ಷಿಗಳಿಗೂ ಸೇರಿದವರೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ವಿದ್ಯಾರ್ಥಿದಶೆಯಲ್ಲಿ ನಾವು ಕಾಲೇಜಿಗೆ ಬೈಸಿಕಲ್ಲಿನ ಮೇಲೆಯೇ ಹೋಗುತ್ತಿದ್ದೆವು. ಒಂದು ದಿನ ಪರೀಕ್ಷೆಗೆ ಹೊತ್ತಾಯಿತೆಂಬ ಅವಸರದಿಂದ ಪೇಟೆಯ ಒಂದು ಕಿರಿದಾದ ಬೀದಿಯಲ್ಲಿ ನುಗ್ಗಿ, ಮುಂದೆ ಹೋಗುತ್ತಿದ್ದ ವೃದ್ಧರೊಬ್ಬರ ಬೆನ್ನ ಹಿಂದೆಯೇ ಗಂಟೆ ಬಾರಿಸಿದೆವು. ಅವರು ಗಾಬರಿಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಡಬಡಿಸಿ ಕೈಯಲ್ಲಿದ್ದ ಚೀಲವನ್ನು ಕೆಳಗೆ ಬಿಟ್ಟರು. ಗಾಡಿ ತಗುಲಲಿಲ್ಲ, ಯಾರಿಗೂ ಏಟಾಗಲಿಲ್ಲ. ಚೀಲದ ನಿಂಬೆಹಣ್ಣುಗಳು ಮಾತ್ರ ಚರಂಡಿಯವರೆಗೆ ಉರುಳಿದವು. "ಗಂಟೆ ಹೊಡೆದೆನಲ್ಲ, ತಾತ" ಎಂದೆವು. "ಗಂಟೆ ಹೊಡೆದರೆ ಬೀದಿ ನಿನ್ನದಾಯಿತೇನಪ್ಪ?" ಎಂದು ಅವರು ಕೇಳಿದರು. ಉತ್ತರ ತೋಚದೆ ಹಣ್ಣುಗಳನ್ನು ಆಯ್ದುಕೊಟ್ಟು ಮುಂದೆ ಹೋದೆವು. ಈಗ ನಮ್ಮ ಓಡಾಟವೆಲ್ಲ ಬಹುಮಟ್ಟಿಗೆ ಕಾಲುನಡಿಗೆಯಲ್ಲಿ. ಬೆನ್ನ ಹಿಂದೆ ಗಂಟೆಯ ಸದ್ದಾದಾಗಲೆಲ್ಲ ನಾವೂ ಆ ವೃದ್ಧರಂತೆಯೇ ತಡಬಡಿಸುತ್ತೇವೆ. ಅವರ ಪ್ರಶ್ನೆಯೂ ನೆನಪಿಗೆ ಬರುತ್ತದೆ. ಈ ಭಾಷಣವನ್ನು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದು ತಿಳಿದರೂ ತಪ್ಪಿಲ್ಲ.

ಮೊದಲು ಸ್ವಲ್ಪ ಪೂರ್ವೇತಿಹಾಸವನ್ನು ನೋಡೋಣ. ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ಸ್ಟ್ರೋಯೆಟ್ ಎಂಬ ಉದ್ದವಾದ ಅಂಗಡಿಬೀದಿಯೊಂದುಂಟು. ೧೯೬೨ನೆಯ ಇಸವಿ ನವೆಂಬರಿನಲ್ಲಿ ಅದನ್ನು ಪರೀಕ್ಷಾರ್ಥವಾಗಿ ಮೋಟಾರುಗಳಿಗೆ ಮುಚ್ಚಿದರು. ವ್ಯಾಪಾರ ಕೆಟ್ಟುಹೋಗುವುದೆಂದು ಅಂಗಡಿಯವರು ಹೆದರಿದರು, ಹಾಗೇನೂ ಆಗಲಿಲ್ಲ, ಎರಡು ವರ್ಷಗಳಲ್ಲಿ ಆ ಏರ್ಪಾಡು ಶಾಶ್ವತವಾಯಿತು. ಹಾಲೆಂಡಿನ ಗ್ರೋನಿಂಗೆನ್ ಪಟ್ಟಣದವರು ೧೯೭೭ರಲ್ಲಿ ಇನ್ನೊಂದು ಉಪಾಯವನ್ನು ಕಂಡುಹಿಡಿದರು. ಊರ ನಡುವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಬೇಕಾದ ಮೋಟಾರು ಹೊರವಲಯದ ರಸ್ತೆಯನ್ನು ಸುತ್ತಿಕೊಂಡೇ ಬರಬೇಕೆಂದು ವಿಧಿಸಿದರು. ಬೈಸಿಕಲ್ಲಿನವರಿಗೂ ಕಾಲುನಡಿಗೆಯವರಿಗೂ ಮಾತ್ರ ನೇರವಾದ ದಾರಿ ತೆರೆದಿತ್ತು. ಸ್ಪೇನಿನ ಪೊಂತೆವೇದ್ರ ೧೯೯೯ರಿಂದಲೂ, ಸ್ಲೊವೇನಿಯದ ಲ್ಯೂಬ್ಲಿಯಾನ ೨೦೦೭ರಿಂದಲೂ ತಮ್ಮ ಹಳೆಯ ಪೇಟೆಗಳಿಂದ ಮೋಟಾರುಗಳನ್ನು ಹೊರಗಿಡತೊಡಗಿದವು. ಬೆಲ್ಜಿಯಮಿನ ಘೆಂಟ್ ನಗರವು ೧೯೯೭ರಲ್ಲಿ ವಿಶಾಲವಾದ ಪಾದಚಾರಿ ಪ್ರದೇಶವನ್ನೇರ್ಪಡಿಸಿ, ೨೦೧೭ರ ಏಪ್ರಿಲಿನಲ್ಲಿ ಗ್ರೋನಿಂಗೆನ್ನಿನ ಮಾದರಿಯನ್ನೇ ಅನುಸರಿಸಿ ಅದನ್ನು ಇನ್ನೂ ಹಿಗ್ಗಿಸಿತು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೈಸಿಕಲ್ ಇಲ್ಲದಿದ್ದರೆ ಈ ಊರುಗಳಲ್ಲಿ ಹಲವು ಮೋಟಾರನ್ನು ಹೊರಗಟ್ಟಲು ಶಕ್ತವಾಗುತ್ತಿರಲಿಲ್ಲ. ಎರಡು ಮೂರು ಕಿಲೋಮೀಟರು ದೂರದಿಂದ ಪೇಟೆಗೆ ಬರುವವನು ಮೋಟಾರನ್ನು ಬಿಟ್ಟು ಬರಬೇಕಾದರೆ ಅವನಿಗೆ ಬೇರೊಂದು ಸಾಧನ ಬೇಕು. ಆ ಸಾಧನವಾಗಿ ಒದಗಿದುದು ಬೈಸಿಕಲ್ಲು. ಆದುದರಿಂದ ಮೋಟಾರು ಹೋದ ಮರುದಿನವೇ "ಈ ಬೈಸಿಕಲ್ಲಿನವರನ್ನೂ ಓಡಿಸಿರಿ" ಎಂದು ಪಾದಚಾರಿ ಕೂಗಿದರೆ ಅದು ಏರಿದ ಏಣಿಯನ್ನು ಒದ್ದಂತಾಗುವುದು.

ಹಾಗಿದ್ದರೂ ಪಾದಚಾರಿಯ ಕೂಗು ನಿರಾಧಾರವಾದುದಲ್ಲ. ನಮ್ಮಲ್ಲಿ "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂಬ ಗಾದೆಯುಂಟು. ಮೋಟಾರಿದ್ದಾಗ ಬೈಸಿಕಲ್ಲಿನವನು ಸೊಸೆ. ಬೀದಿಯ ಅಂಚಿನಲ್ಲಿ ಜೀವ ಹಿಡಿದುಕೊಂಡು ಸಾಗುತ್ತಿದ್ದವನು. ಮೋಟಾರು ಹೋದೊಡನೆ ಆ ಬೀದಿಯ ಬಲಶಾಲಿ ಅವನೇ ಆದನು. ತನ್ನನ್ನು ಬೆದರಿಸಿದವರಂತೆಯೇ ತಾನೂ ಬೇರೊಬ್ಬರನ್ನು ಬೆದರಿಸುತ್ತಿದ್ದೇನೆಂಬುದು ಅವನ ಮನಸ್ಸಿಗೆ ಹೊಳೆಯುವುದೇ ಇಲ್ಲ. ತಾನು ಇನ್ನೂ ಸೊಸೆಯೆಂದೇ ಅವನ ನಂಬಿಕೆ.

ಇಬ್ಬರ ಸ್ವಭಾವವನ್ನು ಹಳಿಯುವುದಕ್ಕೆ ಮುಂಚೆ ಇಬ್ಬರ ನಡೆಯನ್ನು ಲೆಕ್ಕಹಾಕಿ ನೋಡೋಣ. ಸಾಮಾನ್ಯ ಮನುಷ್ಯನು ಗಂಟೆಗೆ ೫ ಕಿಲೋಮೀಟರು ನಡೆಯುತ್ತಾನೆ. ಎಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು. ಸಾಧಾರಣವಾಗಿ ತುಳಿಯುವ ಬೈಸಿಕಲ್ಲು ಗಂಟೆಗೆ ೧೫ರಿಂದ ೨೦ ಕಿಲೋಮೀಟರು ಓಡುತ್ತದೆ. ೨೦ ಎಂದಿಟ್ಟುಕೊಂಡರೆ ಸೆಕೆಂಡಿಗೆ ಐದೂವರೆ ಮೀಟರು. ಈಗ ಬಳಕೆಗೆ ಬಂದಿರುವ ವಿದ್ಯುತ್ ಬೈಸಿಕಲ್ಲುಗಳಿಗೆ ಯೂರೋಪಿನ ಕಾನೂನು ಗಂಟೆಗೆ ೨೫ ಕಿಲೋಮೀಟರಿನವರೆಗೆ ಯಂತ್ರದ ಸಹಾಯವನ್ನು ಅನುಮತಿಸಿದೆ. ವೇಗವು ನಾಲ್ಕು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆಂಬುದನ್ನು ಭೌತಶಾಸ್ತ್ರ ಓದಿದವರೆಲ್ಲರೂ ಬಲ್ಲರು. ಇದಕ್ಕೆ ಸೇರಿ ಬೈಸಿಕಲ್ಲು ನಿಶ್ಶಬ್ದವಾದ ಗಾಡಿ. ಮೋಟಾರಾದರೋ ದೂರದಿಂದಲೇ ತನ್ನ ಬರವನ್ನು ಸಾರುತ್ತದೆ. ಇದು ಭುಜದ ಹತ್ತಿರ ಬಂದಾಗ ಮಾತ್ರ ಗೊತ್ತಾಗುತ್ತದೆ.

ನಡೆಯುವವನ ರೀತಿ ಬೇರೆ. ಅವನು ಗೆರೆ ಎಳೆದಂತೆ ನಡೆಯುವುದಿಲ್ಲ. ಅಂಗಡಿಯ ಸೀರೆಯನ್ನು ನೋಡಿ ನಿಲ್ಲುತ್ತಾನೆ; ಪರಿಚಿತರನ್ನು ಕಂಡು ಥಟ್ಟನೆ ಹಿಂದಿರುಗುತ್ತಾನೆ; ಮಗು ಬಲೂನಿನ ಕಡೆಗೆ ಓಡುತ್ತದೆ. ಬೀದಿಯನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟ ಉದ್ದೇಶವೇ ಈ ಅಡ್ಡಾದಿಡ್ಡಿಯ ಸ್ವಾತಂತ್ರ್ಯ. ಪ್ರತಿ ಹೆಜ್ಜೆಗೂ ಹಿಂದಿರುಗಿ ನೋಡಬೇಕಾದರೆ ಆ ಸ್ವಾತಂತ್ರ್ಯ ಹೋದಂತೆಯೇ ಸರಿ.

ಬೈಸಿಕಲ್ಲಿನವನಿಗೂ ಒಂದು ಕಷ್ಟವಿದೆ. ಅವನ ಗಾಡಿ ನೆಟ್ಟಗೆ ನಿಲ್ಲುವುದು ಓಡುವುದರಿಂದ. ತೀರ ನಿಧಾನವಾದರೆ ಹ್ಯಾಂಡಲು ಅಲುಗಾಡಿ ತೋಲನ ತಪ್ಪುತ್ತದೆ. ಪ್ರತಿಸಲ ನಿಂತು ಹೊರಡುವುದಕ್ಕೂ ಅವನು ತನ್ನ ಕಾಲಿನ ಬಲವನ್ನೇ ಖರ್ಚುಮಾಡಬೇಕು. ಮೋಟಾರಿನವನು ನಿಲ್ಲಲು ಒಪ್ಪದಿದ್ದರೆ ಅದು ದರ್ಪ; ಬೈಸಿಕಲ್ಲಿನವನು ಒಪ್ಪದಿರುವುದರಲ್ಲಿ ಬೆವರಿನ ಲೆಕ್ಕವೂ ಸ್ವಲ್ಪವಿದೆ. ಇದನ್ನು ಪಾದಚಾರಿಯು ಅರಿತುಕೊಂಡರೆ ಅವನ ಕೋಪ ಅರ್ಧದಷ್ಟು ಇಳಿಯುವುದು.

ಹಾಗಾದರೆ ಅಪಘಾತಗಳು ಬಹಳವಾಗುತ್ತವೆಯೆ? ಇಂಗ್ಲೆಂಡಿನ ಸಾರಿಗೆ ಸಂಶೋಧನಾಲಯದವರು ಪಾದಚಾರಿ ಪ್ರದೇಶಗಳಲ್ಲಿ ಬೈಸಿಕಲ್ಲಿನವರ ವರ್ತನೆಯನ್ನು ಪರಿಶೀಲಿಸಿ ೧೯೯೩ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಜನಸಂದಣಿ ಹೆಚ್ಚಿದಂತೆಲ್ಲ ಸವಾರರು ತಾವಾಗಿಯೇ ವೇಗವನ್ನು ಇಳಿಸುವರೆಂದೂ, ಅಗತ್ಯವಾದಾಗ ಇಳಿದು ತಳ್ಳಿಕೊಂಡು ಹೋಗುವರೆಂದೂ, ಇಬ್ಬರ ನಡುವಣ ಅಪಘಾತಗಳು ಅತಿ ವಿರಳವೆಂದೂ ಅದರಿಂದ ತಿಳಿದುಬಂದಿತು. ಬೈಸಿಕಲ್ ಪಕ್ಷದವರು ಇದನ್ನು ಎತ್ತಿ ತೋರಿಸುವುದು ವಾಡಿಕೆ. ಅದರಲ್ಲಿ ನ್ಯಾಯವೂ ಇದೆ.

ಆದರೆ ಲೆಕ್ಕದ ಪುಸ್ತಕಕ್ಕೆ ಬಾರದ ನಷ್ಟವೊಂದುಂಟು. ಒಂದು ಸಲ ಬೆನ್ನ ಹಿಂದಿನಿಂದ ಗಾಳಿಯಂತೆ ಹಾದುಹೋದ ಬೈಸಿಕಲ್ಲಿಗೆ ಬೆಚ್ಚಿಬಿದ್ದ ಮುದುಕಿ ಮರುದಿನ ಪೇಟೆಗೆ ಬರುವುದಿಲ್ಲ. ಬಿದ್ದರೆ ಸೊಂಟದ ಮೂಳೆ ಮುರಿಯುವ ವಯಸ್ಸು ಅವಳದು. ಆ ವಯಸ್ಸಿನಲ್ಲಿ ಮುರಿದ ಮೂಳೆ ಸುಲಭವಾಗಿ ಕೂಡುವುದಿಲ್ಲ. ಅವಳು ಮನೆಯಲ್ಲಿಯೇ ಉಳಿದುದರಿಂದ ಅಪಘಾತವಾಗಲಿಲ್ಲ. ಅಪಘಾತವಾಗದ್ದರಿಂದ ಅವಳ ಹೆಸರು ಯಾವ ವರದಿಯಲ್ಲಿಯೂ ಇಲ್ಲ. ಬೀದಿ ಸುರಕ್ಷಿತವಾಗಿದೆಯೆಂದು ವರದಿ ಹೇಳುತ್ತದೆ. ಆದರೆ ಯಾರಿಗಾಗಿ ಅದನ್ನು ಸುರಕ್ಷಿತಗೊಳಿಸಿದರೋ ಅವರೇ ಅಲ್ಲಿಲ್ಲ. ಕಣ್ಣು ಕಾಣದವರ ಸಂಗತಿ ಇದಕ್ಕಿಂತಲೂ ಕಠಿಣವಾದುದು. ಕಾಲುದಾರಿಯ ಅಂಚುಗಲ್ಲೇ ಅವರ ಕೋಲಿಗೆ ದಾರಿ ತೋರಿಸುವ ಗುರುತು. ಎಲ್ಲರೂ ಬೆರೆತು ನಡೆಯಲೆಂದು ನೆಲವನ್ನೆಲ್ಲ ಸಮಮಾಡಿ, ಅಂಚುಗಲ್ಲುಗಳನ್ನು ತೆಗೆದುಹಾಕಿದ ಬೀದಿಗಳಲ್ಲಿ ಅವರು ಕಂಗಾಲಾದರು. ಈ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಬಹಳ ಆಕ್ಷೇಪಣೆಗಳೆದ್ದು, ೨೦೧೮ರಲ್ಲಿ ಅಲ್ಲಿನ ಸರಕಾರವು ಅಂತಹ ಕೆಲವು ಯೋಜನೆಗಳನ್ನು ತತ್ಕಾಲಕ್ಕೆ ನಿಲ್ಲಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಬೇಕಾಯಿತು.

ಇನ್ನು ಪರಿಹಾರದ ಮಾತು. ಕೋಪನ್‌ಹೇಗನ್ನಿನವರು ಸ್ಟ್ರೋಯೆಟ್ ಬೀದಿಯಲ್ಲಿ ಬೈಸಿಕಲ್ ಸವಾರಿಯನ್ನೇ ನಿಷೇಧಿಸಿದ್ದಾರೆ. ಬೈಸಿಕಲ್ಲಿಗೆ ಜಗತ್ಪ್ರಸಿದ್ಧವಾದ ಊರಿನಲ್ಲಿ ಇಂತಹ ನಿಷೇಧವೇ ಎಂದು ಆಶ್ಚರ್ಯವಾಗಬಹುದು. ಅದರ ಗುಟ್ಟು ಆ ಬೀದಿಯಲ್ಲಿಲ್ಲ, ಅದರ ಸುತ್ತಲಿನ ಬೀದಿಗಳಲ್ಲಿದೆ. ಸುತ್ತಲಿನ ದೊಡ್ಡ ಬೀದಿಗಳಲ್ಲಿ ಬೈಸಿಕಲ್ಲಿಗೆಂದೇ ಅಗಲವಾದ ದಾರಿಗಳನ್ನು ಕಟ್ಟಿದ್ದಾರೆ. ನಡೆಯುವವನ ದಾರಿಗಿಂತ ಅದು ಒಂದು ಮೆಟ್ಟಿಲು ಕೆಳಗೆ, ಮೋಟಾರಿನ ದಾರಿಗಿಂತ ಒಂದು ಮೆಟ್ಟಿಲು ಮೇಲೆ. ಅವಸರದವನಿಗೆ ಅಲ್ಲಿ ನಿರಾತಂಕವಾದ ಮಾರ್ಗವಿರುವುದರಿಂದ ಅಂಗಡಿಬೀದಿಯಲ್ಲಿ ನುಗ್ಗುವ ಪ್ರಮೇಯವೇ ಅವನಿಗೆ ಬಾರದು. ಬದಲಿ ದಾರಿಯನ್ನು ಕೊಡದೆ ನಿಷೇಧದ ಹಲಗೆಯನ್ನು ಮಾತ್ರ ನೆಡುವ ಪುರಸಭೆಯು ಸವಾರನನ್ನು ಪುನಃ ಮೋಟಾರುಗಳ ಬಾಯಿಗೆ ತಳ್ಳುತ್ತದೆ. ಅವನು ಹಲಗೆಯನ್ನು ಲೆಕ್ಕಿಸದೆ ನುಗ್ಗಿದರೆ ತಪ್ಪಿನಲ್ಲಿ ಪುರಸಭೆಗೂ ಪಾಲುಂಟು.

ಘೆಂಟ್ ನಗರದ ಕ್ರಮ ಬೇರೆ. ಬೆಲ್ಜಿಯಮಿನ ಕಾನೂನಿನಂತೆ ಪಾದಚಾರಿ ಪ್ರದೇಶದಲ್ಲಿ ಬೈಸಿಕಲ್ಲಿಗೆ ಅವಕಾಶವಿದ್ದಾಗ ಸವಾರನು ನಡಿಗೆಯ ವೇಗದಲ್ಲಿಯೇ ಸಾಗತಕ್ಕದ್ದು. ನಡೆಯುವವರಿಗೆ ದಾರಿ ಬಿಡತಕ್ಕದ್ದು. ಸಂದಣಿ ಹೆಚ್ಚಾದರೆ ಇಳಿದು ತಳ್ಳತಕ್ಕದ್ದು. ಅತ್ಯಂತ ಜನನಿಬಿಡವಾದ ಅಂಗಡಿಬೀದಿಗಳಲ್ಲಿ ವ್ಯಾಪಾರದ ಹೊತ್ತಿನಲ್ಲಿ ಸವಾರಿಯೇ ಇಲ್ಲ. ಬೆಳಗ್ಗೆಯೂ ರಾತ್ರಿಯೂ ಅವೇ ಬೀದಿಗಳು ಅವನಿಗೆ ತೆರೆದಿರುತ್ತವೆ. ಇದು ನಮಗೆ ಬಹಳ ವಿವೇಕದ ಏರ್ಪಾಡೆಂದು ತೋರುತ್ತದೆ. ಬೀದಿ ಒಂದೇ ಆದರೂ ಬೆಳಗಿನ ಏಳು ಗಂಟೆಯ ಬೀದಿ ಬೇರೆ, ಸಂಜೆಯ ಐದು ಗಂಟೆಯ ಬೀದಿ ಬೇರೆ. ರಾತ್ರಿ ಒಬ್ಬಳೇ ಮನೆಗೆ ಹಿಂದಿರುಗುವ ಹೆಣ್ಣುಮಗಳಿಗೆ ದೀಪವಿರುವ ಪೇಟೆಯ ದಾರಿಯನ್ನು ಮುಚ್ಚಿ, ನಿರ್ಜನವಾದ ಸುತ್ತುದಾರಿಯನ್ನು ತೋರಿಸುವುದು ಯಾರಿಗೂ ಹಿತವಲ್ಲ. ನಡೆಯಲಾರದೆ ಮೂರು ಚಕ್ರದ ಬೈಸಿಕಲ್ಲನ್ನೇ ಕಾಲುಗಳಂತೆ ಬಳಸುವ ಅಂಗವಿಕಲರಿಗೆ "ಇಳಿದು ತಳ್ಳಿರಿ" ಎಂಬ ಆಜ್ಞೆಯು ಕ್ರೂರವಾದುದು. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ನಿಷೇಧವೆಂಬುದು ಬರೆಯಲು ಸುಲಭ. ಅದರಿಂದ ಬಡವಾಗುವವರು ಇಂಥವರು.

ಲ್ಯೂಬ್ಲಿಯಾನದವರು ಇನ್ನೊಂದು ಮುಖ್ಯವಾದ ಕೊರತೆಯನ್ನು ನೆನೆದರು. ಮೋಟಾರೂ ಇಲ್ಲ, ಬೈಸಿಕಲ್ ತುಳಿಯುವ ಶಕ್ತಿಯೂ ಇಲ್ಲವೆಂದರೆ ವೃದ್ಧರ ಗತಿಯೇನು? ಅವರಿಗಾಗಿ ಕಾವಲೀರ್ ಎಂಬ ಪುಟ್ಟ ವಿದ್ಯುತ್ ಗಾಡಿಗಳನ್ನು ಏರ್ಪಡಿಸಿ, ಹಣ ತೆಗೆದುಕೊಳ್ಳದೆ ಮೆಲ್ಲಗೆ ಪೇಟೆಯನ್ನು ದಾಟಿಸುತ್ತಾರೆ. ಬೀದಿಯ ವೇಗವನ್ನು ಅಲ್ಲಿ ಅತಿ ದುರ್ಬಲನಾದವನ ನಡಿಗೆಯಿಂದ ಅಳೆದಿದ್ದಾರೆ. ಈ ಅಳತೆಗೋಲೇ ಸರಿಯಾದುದೆಂಬುದು ನಮ್ಮ ಭಾಷಣದ ಸಾರ. "ಆನೆ ನಡೆದದ್ದೇ ದಾರಿ" ಎಂಬುದು ಕಾಡಿನ ನ್ಯಾಯ. ಪೇಟೆಯಲ್ಲಿ ಇರುವೆ ನಡೆಯುವ ದಾರಿಯನ್ನು ನೋಡಿಕೊಂಡು ಆನೆ ಹೆಜ್ಜೆಯಿಡಬೇಕು. ಮೋಟಾರಿನೆದುರು ಇರುವೆಯಾಗಿದ್ದ ಬೈಸಿಕಲ್ಲಿನವನು ತನಗೆ ಬೇಕಾಗಿದ್ದ ನ್ಯಾಯವನ್ನು ತನ್ನ ಮುಂದೆ ನಡೆಯುವವನಿಗೂ ಸಲ್ಲಿಸಿದರೆ ಮುಕ್ಕಾಲುಪಾಲು ವ್ಯಾಜ್ಯ ಅಲ್ಲಿಯೇ ತೀರಿತು.

ಇಲ್ಲಿ ಇನ್ನೊಬ್ಬರ ವಿಷಯವನ್ನು ಹೇಳದಿದ್ದರೆ ಅನ್ಯಾಯವಾಗುವುದು. ಇತ್ತೀಚೆಗೆ ಪೇಟೆಯ ಬೀದಿಗಳಲ್ಲಿ ಅತಿ ವೇಗವಾಗಿ ಹೋಗುವವರು ಬೆನ್ನಿಗೆ ಚೌಕಾಕಾರದ ಚೀಲವನ್ನು ಕಟ್ಟಿಕೊಂಡು ಊಟ ತಿಂಡಿಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರು. ಜನರ ಬೈಗುಳವೆಲ್ಲ ಅವರ ಪಾಲಿಗೆ. ಆದರೆ ಆ ಅವಸರ ಅವರದಲ್ಲ. ಇಷ್ಟು ನಿಮಿಷಗಳೊಳಗೆ ದೋಸೆ ಬಿಸಿಯಾಗಿ ಬರಬೇಕೆಂದು ಮನೆಯಲ್ಲಿ ಕುಳಿತು ಗಡಿಯಾರ ನೋಡುವವರು ನಾವು. ಬೀದಿಯಲ್ಲಿ ನಡೆಯುವಾಗ ಅವನನ್ನು ಶಪಿಸಿ, ಮನೆಗೆ ಬಂದಮೇಲೆ ಅವನು ತಡಮಾಡಿದನೆಂದು ಪುನಃ ಶಪಿಸುವುದು ನ್ಯಾಯವೆ ಎಂಬುದನ್ನು ಶ್ರೋತೃಗಳು ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಬಾಗಿಲಿಗೆ ಬಂದು ನಿಂತಿದೆ. ದೆಹಲಿಯ ಚಾಂದನಿ ಚೌಕವನ್ನು ಹೊಸದಾಗಿ ಕಟ್ಟಿ, ೨೦೨೧ರಿಂದ ಹಗಲಿನ ಹೊತ್ತಿನಲ್ಲಿ ಮೋಟಾರುಗಳಿಗೆ ಪ್ರವೇಶವಿಲ್ಲವೆಂದು ವಿಧಿಸಿದರು. ನಡುವೆ ಸೈಕಲ್ ರಿಕ್ಷಾಗಳಿಗೂ ಇಕ್ಕೆಲಗಳಲ್ಲಿ ನಡೆಯುವವರಿಗೂ ಸ್ಥಳವನ್ನು ಹಂಚಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ೨೦೨೦ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ದಿನಗಳಲ್ಲಿ ಮೋಟಾರುಗಳಿಗೆ ಮುಚ್ಚಿ ಪರೀಕ್ಷೆಮಾಡಿದರು. ಮೈಸೂರಿನಲ್ಲಿ ೨೦೧೭ರಲ್ಲಿ ಟ್ರಿಣ್ ಟ್ರಿಣ್ ಎಂಬ ಹೆಸರಿನಿಂದ ಸಾರ್ವಜನಿಕ ಬೈಸಿಕಲ್ಲುಗಳು ಬಂದವು. ನಮ್ಮಲ್ಲಿ ಮೋಟಾರಿನ ಕಾಟ ಇನ್ನೂ ತಪ್ಪಿಲ್ಲವಾದುದರಿಂದ ಈ ಇಬ್ಬರ ಜಗಳ ಇನ್ನೂ ಬಲಿತಿಲ್ಲ. ಬಲಿಯುವುದಕ್ಕೆ ಮುಂಚೆಯೇ ಎಚ್ಚರ ವಹಿಸುವುದು ಲೇಸು. ಏಕೆಂದರೆ ಈ ಇಬ್ಬರೂ ಕಚ್ಚಾಡಿದರೆ ಲಾಭ ಮೂರನೆಯವನಿಗೆ. "ನೋಡಿದಿರಾ, ಮೋಟಾರು ಹೋದರೂ ಸುಖವಿಲ್ಲ, ಬೀದಿಯನ್ನು ಹಿಂದಿನಂತೆ ತೆರೆದುಬಿಡಿ" ಎನ್ನುವವರು ಪ್ರತಿ ಊರಿನಲ್ಲಿಯೂ ಕಾದುಕುಳಿತಿರುತ್ತಾರೆ. ಬೀದಿಯಲ್ಲಿ ಮನುಷ್ಯರನ್ನು ಕೊಲ್ಲುವ ಗಾಡಿ ಬಹುಮಟ್ಟಿಗೆ ಯಾವುದೆಂಬುದನ್ನು ಈ ಇಬ್ಬರೂ ಮರೆಯಬಾರದು.

ಆದುದರಿಂದ ಪೇಟೆಯನ್ನು ಮೋಟಾರಿನಿಂದ ಬಿಡಿಸಲು ಹೊರಡುವ ಪೌರಸಭೆಗಳಿಗೆ ನಮ್ಮ ಬಿನ್ನಹ ಇಷ್ಟು. ಅವಸರದ ಬೈಸಿಕಲ್ಲಿಗೆ ಪಕ್ಕದಲ್ಲಿಯೇ ನೇರವಾದ, ದೀಪವಿರುವ ದಾರಿಯನ್ನು ಮೊದಲು ಮಾಡಿರಿ. ಅನಂತರ ಹಲಗೆಯನ್ನು ನೆಡಿರಿ. ಪೇಟೆಯ ಬಾಯಲ್ಲಿ ಬೈಸಿಕಲ್ ನಿಲ್ಲಿಸಲು ನೆರಳಿರುವ, ಕಳ್ಳರ ಭಯವಿಲ್ಲದ ಸ್ಥಳವನ್ನು ಕೊಡಿರಿ. ಸಂದಣಿಯ ಗಂಟೆಗಳನ್ನು ಗೊತ್ತುಮಾಡಿರಿ. ಕಣ್ಣಿಲ್ಲದವರ ಕೋಲಿಗೆ ಗುರುತಾಗುವ ಅಂಚನ್ನು ಅಳಿಸಬೇಡಿರಿ. ನಡೆಯುವವರಿಗೆ ಒಂದು ಮಾತು: ಬೈಸಿಕಲ್ಲಿಗೆಂದು ಗುರುತುಮಾಡಿದ ದಾರಿಯಲ್ಲಿ ಗುಂಪುಗೂಡಿ ನಿಂತು ಹರಟೆ ಹೊಡೆಯಬೇಡಿರಿ. ಸವಾರರಿಗೆ ಒಂದು ಮಾತು: ಗಂಟೆಯನ್ನು ದೂರದಿಂದ, ಒಮ್ಮೆ, ಮೃದುವಾಗಿ ಬಾರಿಸಿರಿ, ಬಾರಿಸಿದ ಮೇಲೆ ವೇಗವನ್ನು ಇಳಿಸಿರಿ. ಗಂಟೆಯು ಬೇಡಿಕೆಯ ಸ್ವರವೇ ಹೊರತು ಅಪ್ಪಣೆಯ ಸ್ವರವಲ್ಲ.

ಗಂಟೆ ಹೊಡೆದರೆ ಬೀದಿ ನಿನ್ನದಾಯಿತೇ ಎಂದು ಆ ವೃದ್ಧರು ಕೇಳಿದ್ದರು. ಇಲ್ಲ, ತಾತ, ಆಗಲಿಲ್ಲ. ನೀವು ಬದಿಗೆ ಸರಿಯುವವರೆಗೆ ನಾವು ಇಳಿದು ಕಾಯಬೇಕಾಗಿತ್ತು. ಪರೀಕ್ಷೆಗೆ ಎರಡು ನಿಮಿಷ ತಡವಾಗುತ್ತಿತ್ತು, ಅಷ್ಟೇ.